ಕಿವಿಗೂ ಕೈಗೂ ಒಂದು ಸಂಗ್ರಹಾಲಯ

ಪ್ರದರ್ಶನ ರೂಪಿಸುವ ಕೆಲಸ ನನಗೆ ಕಲಿಸಿದ ದೊಡ್ಡ ಪಾಠವೆಂದರೆ, ಗೋಡೆಯ ಬರಹವನ್ನೇ ನೆಚ್ಚಿ ವಸ್ತುಗಳನ್ನು ಜೋಡಿಸಿದರೆ ಆ ವಸ್ತುಗಳನ್ನು ಚೆನ್ನಾಗಿ ಬಲ್ಲವರೇ ಹೊರಗುಳಿಯುತ್ತಾರೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಇದು ಎದ್ದು ಕಾಣುತ್ತದೆ. ಕಾಡುಗೊಲ್ಲ ಸಮುದಾಯದ ಜನಪದ ಗಾಯಕಿ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಆದರೆ ಸಾವಿರಾರು ಹಾಡು ಅವರ ನಾಲಿಗೆಯ ಮೇಲಿದ್ದವು. ದನಗಾಹಿಗಳಾದ ಮ್ಯಾಸಬೇಡರ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಇಂಥ ನೆಲದಲ್ಲಿ ಕನ್ನಡ, ಇಂಗ್ಲಿಷ್ ಫಲಕ ತೂಗುಹಾಕಿ ಎಲ್ಲರಿಗೂ ಬಾಗಿಲು ತೆರೆದಿದ್ದೇವೆ ಎಂದರೆ ಅದು ಅರ್ಧ ಸತ್ಯ. ಇದೇ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಅಶೋಕನ ಶಾಸನಗಳನ್ನೇ ನೋಡಿ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅವು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ಆಜ್ಞೆಗಳು, ಭಾಷೆ ಪ್ರಾಕೃತ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಅಶೋಕ ಶಾಸನದ ಪಾಠವಂತೂ ಭೇರಿ ಬಾರಿಸಿ ಜನಕ್ಕೆ ತಿಳಿಸಬೇಕೆಂದೇ ಹೇಳುತ್ತದೆ. ಬಂಡೆಯ ಮಾತು ಊರಿಗೆ ತಲುಪಬೇಕಾದದ್ದು ಕಿವಿಯ ಮೂಲಕ. ಹಾಗಿರುವಾಗ ಅದನ್ನು ಪ್ರಾಕೃತದಲ್ಲಿ ಓದಿಸಿ, ಬೆನ್ನಿಗೇ ಕನ್ನಡದಲ್ಲೂ ತೆಲುಗಿನಲ್ಲೂ ಕೇಳಿಸುವುದು ಶಾಸನದ ಸ್ವಭಾವಕ್ಕೇ ಹತ್ತಿರ. ಬಂಡೆಯ ಅಚ್ಚೊಂದನ್ನು ಮಕ್ಕಳ ಕೈಗೆಟಕುವಂತೆ ಇಟ್ಟರೆ, ಲಿಪಿಕಾರ ಚಪಡ ಕೊನೆಯಲ್ಲಿ ಬಲದಿಂದ ಎಡಕ್ಕೆ ಖರೋಷ್ಠಿ ಲಿಪಿಯಲ್ಲಿ ಬರೆದದ್ದನ್ನು ಅವರು ಬೆರಳಾಡಿಸಿಯೇ ಗುರುತಿಸಿಯಾರು.

ಕೈಕಸುಬಿಗೂ ಇದೇ ಮಾತು ಸಲ್ಲುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕರಿ ಕಂಬಳಿ ಏನನ್ನೂ ಹೇಳುವುದಿಲ್ಲ. ಹುಣಸೆ ಬೀಜ ಅರೆದು ಕಾಯಿಸಿದ ಗಂಜಿಯನ್ನು ಹಾಸಿನ ನೂಲಿಗೆ ಸವರುವ ಮೊದಲು ಉಣ್ಣೆ ಹೇಗಿರುತ್ತದೆ, ಒಣಗಿದ ಮೇಲೆ ಎಷ್ಟು ಬಿರುಸಾಗುತ್ತದೆ ಎಂಬುದು ಎರಡು ಎಳೆ ಮುಟ್ಟಿದರೆ ಗೊತ್ತಾಗುತ್ತದೆ. ಮೊಳಕಾಲ್ಮುರು ರೇಷ್ಮೆ ಸೀರೆಯ ಪಕ್ಕದಲ್ಲೂ ಒಂದು ಮಗ್ಗ ನಡೆಯುತ್ತಿರಬೇಕು. ಲಾಳಿಯ ಸದ್ದಿಲ್ಲದೆ ಸೀರೆಯಷ್ಟೇ ಇದ್ದರೆ ಅದಕ್ಕೂ ಅಂಗಡಿಯ ಷೋಕೇಸಿಗೂ ಏನು ವ್ಯತ್ಯಾಸ?

ಬರಹವಿಲ್ಲದ ಪ್ರದರ್ಶನ ಜಾತ್ರೆಯಾದೀತು, ಶಾಲೆಯ ಮಕ್ಕಳಿಗೆ ಖಚಿತ ಮಾಹಿತಿ ಸಿಗದು ಎಂಬ ಆಕ್ಷೇಪವಿದೆ. ಬರಹ ಬೇಡವೆಂದು ನಾನು ಹೇಳುತ್ತಿಲ್ಲ. ಇಸವಿ, ಸ್ಥಳ, ಸಂಶೋಧಕರ ವಾದಗಳಿಗೆ ಅದು ಬೇಕೇ ಬೇಕು, ಆದರೆ ಮೊದಲ ಬಾಗಿಲು ಅದಾಗಬಾರದು. ನೇಕಾರರನ್ನು ಕೂರಿಸಿದರೆ ಅವರನ್ನೇ ನೋಟದ ವಸ್ತುವಾಗಿಸಿದಂತೆ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಕೂಲಿ ಕೊಡದೆ, ಅವರ ಮಾತು ಕೇಳದೆ ಕೂರಿಸಿದರೆ ಅದು ಅವಮಾನವೇ ಸರಿ. ಭೋಪಾಲದ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಬಯಲಿನಲ್ಲಿ ಬುಡಕಟ್ಟಿನ ಮನೆಗಳನ್ನು ಕಟ್ಟಿದವರು ಆಯಾ ಸಮುದಾಯದವರೇ. ನಮ್ಮಲ್ಲೂ ನಿರ್ಧಾರ ಸಮುದಾಯದಿಂದಲೇ ಹೊರಡಬೇಕು. ಮ್ಯಾಸಬೇಡರಿಗೆ ದೇವರ ಎತ್ತುಗಳ ಹಿಂಡು ಪೂಜೆಯ ವಿಷಯ. ಅದರ ಚಿತ್ರ ತೆಗೆಯಬಹುದೇ, ಕಥೆಯಲ್ಲಿ ಎಷ್ಟನ್ನು ಹೊರಗಿನವರಿಗೆ ಹೇಳಬಹುದು ಎಂಬುದನ್ನು ಹಿಂಡು ಕಾಯುವ ಕಿಲಾರಿಗಳೂ ಹಟ್ಟಿಯ ಹಿರಿಯರೂ ತೀರ್ಮಾನಿಸಲಿ. ಅವರು ಬೇಡವೆಂದರೆ ಆ ಜಾಗ ಖಾಲಿಯೇ ಇರಲಿ, ಏಕೆ ಖಾಲಿ ಎಂಬುದನ್ನು ಅವರದೇ ದನಿಯಲ್ಲಿ ಕೇಳಿಸೋಣ.