ಗಾಲಿಗೆ ಸ್ಪೇಸರ್ ಹಾಕಿಸುವ ಮುನ್ನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಬೆಳೆಗಾರ ಬಾಂಧವರಲ್ಲಿ ಅನೇಕರು ತೋಟಕ್ಕೂ ಪೇಟೆಗೂ ಒಂದೇ ಕಾರು ಅಥವಾ ಜೀಪು ಇಟ್ಟುಕೊಂಡಿರುತ್ತಾರೆ. ಅಗಲ ಟೈರು ಹಾಕಿಸಿದಾಗ ಅದು ಒಳಬದಿಗೆ ತಾಗುವುದುಂಟು. ಆಗ ಗಾಲಿಯನ್ನು ಹೊರಕ್ಕೆ ಸರಿಸಲು ಹಬ್ಬಿಗೂ ಗಾಲಿಗೂ ನಡುವೆ ಲೋಹದ ಬಿಲ್ಲೆ ಕೂರಿಸುತ್ತಾರೆ. ಇದೇ ವ್ಹೀಲ್ ಸ್ಪೇಸರ್.

ಇದರಿಂದ ಗಾಡಿಯ ಹೊರೆ ಹೊರುವ ಶಕ್ತಿ ಹೆಚ್ಚುವುದಿಲ್ಲ. ಎರಡೂ ಬದಿಗೆ ೨೫ ಮಿ.ಮೀ. ಬಿಲ್ಲೆ ಹಾಕಿದರೆ ಗಾಲಿಗಳ ನಡುವಣ ಅಂತರ ೫೦ ಮಿ.ಮೀ. ಹೆಚ್ಚುತ್ತದೆ, ನಿಜ. ಆದರೆ ಭಾರವು ಹೊರಕ್ಕೆ ಸರಿದು, ಸನ್ನೆಕೋಲಿನಂತೆ ಬೇರಿಂಗನ್ನೂ ಸ್ಟಡ್ಡುಗಳನ್ನೂ ಮೀಟತೊಡಗುತ್ತದೆ. ೨೦೧೭ರಲ್ಲಿ ಕೊಟ್ಟೂರು ಗುರುಬಸವೇಶ್ವರರ ತೇರು ಅಚ್ಚು ಮುರಿದು ಉರುಳಿದ್ದನ್ನು ಬಲ್ಲ ಈ ಸೀಮೆಯವರಿಗೆ ಅಚ್ಚಿನ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಮೂಟೆ ಹೇರುವ ಗಾಡಿಗೆ ಸ್ಪೇಸರ್ ಬೇಡವೆಂದೇ ನಮ್ಮ ಅಭಿಪ್ರಾಯ. ಸರಿಯಾದ ಅಳತೆಯ ಡಿಸ್ಕ್ ಸಿಕ್ಕರೆ ಅದೇ ಮೇಲು.

ಹಾಕಿಸಲೇಬೇಕಾದರೆ ಬಿಲ್ಲೆಯ ಬಗೆಯನ್ನು ಅರಿಯಬೇಕು. ತೆಳುಬಿಲ್ಲೆಯನ್ನು ಸ್ಟಡ್ಡಿಗೆ ಪೋಣಿಸಿ ಗಾಲಿ ಕೂರಿಸುವುದು ಒಂದು ಬಗೆ. ಇಲ್ಲಿ ಬಿಲ್ಲೆಯ ದಪ್ಪದಷ್ಟು ಥ್ರೆಡ್ಡು ನಟ್ಟಿಗೆ ಕಡಿಮೆಯಾಗುತ್ತದೆ. ನಟ್ಟನ್ನು ಕೈಯಿಂದಲೇ ತಿರುಗಿಸುತ್ತ ಸುತ್ತು ಎಣಿಸಿರಿ. ಸ್ಟಡ್ಡಿನ ದಪ್ಪದಷ್ಟಾದರೂ ಥ್ರೆಡ್ಡು ಹಿಡಿಯಬೇಕು, ೧೨ ಮಿ.ಮೀ. ಸ್ಟಡ್ಡಿಗೆ ೧.೫ ಮಿ.ಮೀ. ಥ್ರೆಡ್ಡಿದ್ದರೆ ೮ ಸುತ್ತು. ಕಡಿಮೆ ಬಂದರೆ ಉದ್ದ ಸ್ಟಡ್ಡು ಹಾಕಿಸಬೇಕು, ಇಲ್ಲವೇ ಆ ಬಿಲ್ಲೆಯನ್ನು ಬಿಡಬೇಕು.

ದಪ್ಪಬಿಲ್ಲೆಯನ್ನು ಮೊದಲು ಹಬ್ಬಿಗೆ ನಟ್ಟಿನಿಂದ ಬಿಗಿದು, ಬಿಲ್ಲೆಯ ಸ್ವಂತ ಸ್ಟಡ್ಡಿಗೆ ಗಾಲಿ ಕೂರಿಸುತ್ತಾರೆ. ಹಳೆಯ ಸ್ಟಡ್ಡಿನ ತುದಿ ಬಿಲ್ಲೆಯಿಂದ ಹೊರಕ್ಕೆ ಚಾಚಿ ಡಿಸ್ಕಿಗೆ ತಾಗಿದರೆ ಗಾಲಿ ಸಮನಾಗಿ ಕೂರದು. ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ: ಒಳನಟ್ಟುಗಳು ಗಾಲಿಯ ಹಿಂದೆ ಮರೆಯಾಗಿರುತ್ತವೆ. ಅವು ಸಡಿಲಾದರೆ ಹೊರಗಿನಿಂದ ತಿಳಿಯುವುದೇ ಇಲ್ಲ.

ಕೂರಿಸುವಾಗ ಗಾಡಿ ಸಮತಟ್ಟಾದ ಗಟ್ಟಿ ನೆಲದಲ್ಲಿರಲಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟಿರಲಿ. ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತುಕ್ಕು ತೆಗೆಯಬೇಕು. ಎರೆನೆಲದ ಮಣ್ಣು ಒಣಗಿ ಹಕ್ಕಳೆಗಟ್ಟಿದ್ದರೆ ಅದೂ ಹೋಗಬೇಕು. ನಡುವೆ ಸಿಕ್ಕ ಮಣ್ಣು ಪುಡಿಯಾದ ಮೇಲೆ ನಟ್ಟು ತಾನಾಗಿಯೇ ಸಡಿಲಾಗುತ್ತದೆ. ಬಿಲ್ಲೆಯ ನಡುರಂಧ್ರ ಹಬ್ಬಿಗೆ ಬಿಗಿಯಾಗಿ ಹೊಂದಬೇಕು. ನಟ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತ ಬಂದು, ಕೊನೆಗೆ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಟಾರ್ಕ್ ಪಾನಾದಿಂದ ಬಿಗಿಸಿರಿ. ಪೈಪು ತೊಡಿಸಿ ಮೇಲೆ ಹತ್ತಿ ನಿಲ್ಲುವ ಪದ್ಧತಿಯಿಂದ ಸ್ಟಡ್ಡು ಹಿಗ್ಗುತ್ತದೆ. ಒಂದರ ಮೇಲೊಂದು ಎರಡು ಬಿಲ್ಲೆ ಎಂದಿಗೂ ಕೂಡದು.

ಬಳಿಕ ಜನರನ್ನು ಕೂರಿಸಿ, ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಟೈರು ಮಡ್‌ಗಾರ್ಡಿಗೆ ತಾಗುವುದೇ ನೋಡಿರಿ. ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮು ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ಆದಕಾರಣ ಸಾರಿಗೆ ಕಛೇರಿಯಲ್ಲೂ ವಿಮೆಯವರಲ್ಲೂ ಮೊದಲೇ ವಿಚಾರಿಸುವುದು ಒಳ್ಳೆಯದು.

೮೦ರಿಂದ ೧೦೦ ಕಿ.ಮೀ. ಓಡಿದ ಮೇಲೆ ಗಾಲಿ ಬಿಚ್ಚಿಸಿ ಒಳನಟ್ಟಿನ ಬಿಗಿ ನೋಡಿಸಬೇಕು. ಮುಂದೆ ಪಂಕ್ಚರ್ ಅಂಗಡಿಯಲ್ಲಿ ಗಾಲಿ ಬಿಚ್ಚಿದಾಗಲೆಲ್ಲ ಬಿಲ್ಲೆ ಇದೆಯೆಂದು ನೀವೇ ಬಾಯಿಬಿಟ್ಟು ಹೇಳಿ, ಅದನ್ನೂ ನೋಡಿಸಿಕೊಳ್ಳಿರಿ.