ಕಠಿನ ಕೆಲಸಕ್ಕೆ ತಕ್ಕ ಸಣ್ಣ ಬ್ಯಾಟರಿ ಬೈರಿಗೆಯನ್ನು ಆರಿಸುವ ಕ್ರಮ

ಮುಂಗಾರಿನ ಮಳೆ ಬಿದ್ದು ಭೂಮಿಯು ಬಿತ್ತನೆಯ ಹದಕ್ಕೆ ಬಂದ ದಿವಸವೇ ಕೂರಿಗೆಯ ತಾಳು ಸಡಿಲವಾಗುವುದೂ, ಕುಂಟೆಯ ದಿಂಡು ಸೀಳುವುದೂ, ಟ್ರ್ಯಾಕ್ಟರಿಗೆ ಕಟ್ಟುವ ಉಪಕರಣದ ಕಬ್ಬಿಣದ ಪಟ್ಟಿಯಲ್ಲಿ ಬೋಲ್ಟಿನ ತೂತು ಹರಿದುಹೋಗುವುದೂ ರೈತರೆಲ್ಲರಿಗೂ ಅನುಭವವಿರುವ ಸಂಗತಿ. ಹದವು ಯಾರಿಗಾಗಿಯೂ ಕಾದಿರುವುದಿಲ್ಲ. ಕೆಂಪು ಭೂಮಿಯಲ್ಲಿ ಮಳೆ ನಿಂತು ಬಿಸಿಲು ಬಲವಾದರೆ ಎರಡು ಮೂರು ದಿವಸಗಳಲ್ಲಿಯೇ ಮೇಲ್ಮಣ್ಣು ಒಣಗಿ ಬೀಜವು ಮೊಳೆಯದೆ ಹೋಗುವ ಸಂಭವವುಂಟು. ಹಿಂದೆ ಊರೂರಿಗೂ ಬಡಗಿಗಳೂ ಕಮ್ಮಾರರೂ ಇದ್ದುದರಿಂದ ಈ ತೊಂದರೆಯು ಅರ್ಧ ದಿವಸದಲ್ಲಿ ಪರಿಹಾರವಾಗುತ್ತಿದ್ದಿತು. ಈಗ ಅಂಥ ಕಸಬುದಾರರು ಅನೇಕ ಗ್ರಾಮಗಳಲ್ಲಿ ವಿರಳವಾಗಿರುವರು. ಮುರಿದ ಉಪಕರಣವನ್ನು ಪೇಟೆಗೆ ಸಾಗಿಸಿ, ಅಲ್ಲಿ ಸರತಿಗಾಗಿ ಕಾದು, ಹಿಂದಕ್ಕೆ ತರುವಷ್ಟರಲ್ಲಿ ಹದವು ತಪ್ಪಿಹೋಗಿರುತ್ತದೆ. ಆದಕಾರಣ ವಿದ್ಯುತ್ತಿನ ತಂತಿ ಇಲ್ಲದ ಹೊಲದ ಬದುವಿನ ಮೇಲೆಯೇ ತೂತು ಕೊರೆದು ಬೋಲ್ಟು ಬಿಗಿಯಲು ಒದಗತಕ್ಕ ಬ್ಯಾಟರಿ ಬೈರಿಗೆಯನ್ನು, ಅಂದರೆ ಪೇಟೆಯಲ್ಲಿ ಕಾರ್ಡ್‌ಲೆಸ್ ಡ್ರಿಲ್ ಎಂದು ಮಾರಲ್ಪಡುವ ಯಂತ್ರವನ್ನು, ಭೂಮಾಲೀಕರು ವಿಚಾರಮಾಡಿ ಕೊಂಡುಕೊಳ್ಳುವುದು ಯುಕ್ತವಾಗಿದೆ.

ಒಬ್ಬನು ಹಗ್ಗವನ್ನು ಎಳೆಯುತ್ತ ಮತ್ತೊಬ್ಬನು ಮೇಲಿನಿಂದ ಒತ್ತಿಹಿಡಿಯುತ್ತಿದ್ದ ಬಡಗಿಯ ಬೈರಿಗೆಯನ್ನು ನೋಡಿದವರಿಗೆ ಈ ಯಂತ್ರದ ತತ್ತ್ವವು ಹೊಸದಲ್ಲ. ಕೈಯಲ್ಲಿ ಹಿಡಿಯುವ ವಿದ್ಯುತ್ ಬೈರಿಗೆಯು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಫೈನ್ ಕಾರ್ಖಾನೆಯಲ್ಲಿ ತಯಾರಾಯಿತು. ಪಿಸ್ತೂಲಿನ ಹಿಡಿಯುಳ್ಳ ಬೈರಿಗೆಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪೆನಿಯವರು 1917ರಲ್ಲಿ ಪೇಟೆಂಟು ಪಡೆದರು. ಬ್ಯಾಟರಿಯಿಂದ ನಡೆಯುವ ಬೈರಿಗೆಯನ್ನು 1961ರಲ್ಲಿ ಹೊರತಂದವರೂ ಅವರೇ. ಆ ಕಾಲದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯು ತೂಕದಲ್ಲಿ ಹೆಚ್ಚು, ಶಕ್ತಿಯಲ್ಲಿ ಕಡಿಮೆ. 2005ರ ಸುಮಾರಿನಿಂದ ಲಿಥಿಯಂ ಬ್ಯಾಟರಿಯು ಈ ಯಂತ್ರಗಳಲ್ಲಿ ಬಳಕೆಗೆ ಬಂದ ಮೇಲೆಯೇ ಸಣ್ಣ ಬೈರಿಗೆಯೂ ಕಠಿನ ಕೆಲಸಕ್ಕೆ ಒದಗುವಂತಾಯಿತು.

ಕೊಳ್ಳುವವರು ಅಂಗಡಿಯಲ್ಲಿ ಮೊದಲು ನೋಡುವುದು ವೋಲ್ಟಿನ ಸಂಖ್ಯೆಯನ್ನು. ಮೋಸಹೋಗುವುದೂ ಅಲ್ಲಿಯೇ. ಲಿಥಿಯಂ ಬ್ಯಾಟರಿಯ ಒಂದೊಂದು ಕೋಶದ ಸಾಧಾರಣ ಒತ್ತಡವು 3.6 ವೋಲ್ಟ್, ಪೂರ್ತಿಯಾಗಿ ಚಾರ್ಜಾದಾಗ ಅದು 4 ವೋಲ್ಟಿಗಿಂತ ತುಸು ಮೇಲಕ್ಕೆ ಏರುತ್ತದೆ. ಐದು ಕೋಶಗಳನ್ನು ಸಾಲಾಗಿ ಜೋಡಿಸಿದರೆ ಒಬ್ಬ ವ್ಯಾಪಾರಿಯು ಅದನ್ನು 18 ವೋಲ್ಟ್ ಎಂದು ಬರೆಯುತ್ತಾನೆ. ಇನ್ನೊಬ್ಬನು ಅದನ್ನೇ 20 ವೋಲ್ಟ್ ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಾನೆ. ಎರಡೂ ಒಂದೇ. ಹಾಗೆಯೇ ಮೂರು ಕೋಶಗಳ 10.8 ವೋಲ್ಟಿನ ಯಂತ್ರವು 12 ವೋಲ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಈ ಮೂರು ಕೋಶಗಳ ಯಂತ್ರವು ಕಿಟಕಿ ಬಾಗಿಲುಗಳ ತಿರುಪು ಹಾಕಲು, ತೆಳು ಹಲಗೆ ಕೊರೆಯಲು, ಹನಿ ನೀರಾವರಿಯ ಕೊಳವೆಗೆ ತೂತು ಮಾಡಲು ಧಾರಾಳವಾಗಿ ಸಾಕು. ಜಾಲಿಮರಕ್ಕೂ ದಪ್ಪ ಕಬ್ಬಿಣಕ್ಕೂ ಐದು ಕೋಶಗಳದ್ದೇ ಬೇಕು.

ಬ್ಯಾಟರಿಯ ಮೇಲೆ ಆಂಪಿಯರ್-ಗಂಟೆ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ವೋಲ್ಟನ್ನೂ ಇದನ್ನೂ ಗುಣಿಸಿದರೆ ಬ್ಯಾಟರಿಯಲ್ಲಿ ಅಡಗಿರುವ ಒಟ್ಟು ಶಕ್ತಿಯು ವ್ಯಾಟ್-ಗಂಟೆಗಳಲ್ಲಿ ತಿಳಿಯುತ್ತದೆ. 18 ವೋಲ್ಟಿನ 2 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 36 ವ್ಯಾಟ್-ಗಂಟೆ. 5 ಆಂಪಿಯರ್-ಗಂಟೆಯದರಲ್ಲಿ 90. ಗಟ್ಟಿ ಮರವನ್ನು ಕೊರೆಯುವಾಗ ಯಂತ್ರವು 500 ವ್ಯಾಟ್ ಎಳೆಯುತ್ತದೆಂದು ಭಾವಿಸಿದರೆ, ಮೊದಲನೆಯದು ಸತತವಾಗಿ ನಾಲ್ಕು ನಿಮಿಷ, ಎರಡನೆಯದು ಹತ್ತು ಹನ್ನೊಂದು ನಿಮಿಷ ನಡೆಯಬಲ್ಲದು. ಕೇಳಲು ಇದು ಅಲ್ಪವೆನಿಸಿದರೂ ಒಂದು ತೂತಿಗೆ ಅರ್ಧ ನಿಮಿಷ ಹಿಡಿಯುವುದೆಂದು ಲೆಕ್ಕಹಾಕಿದರೆ ಕೂರಿಗೆಯ ರಿಪೇರಿಗೆ ಚಿಕ್ಕದೇ ಸಾಲುತ್ತದೆ. ಆದರೆ ಇಲ್ಲಿ ಗಮನಿಸಬೇಕಾದ ಬೇರೊಂದು ವಿಷಯವಿದೆ. ಸಣ್ಣ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಐದೇ ಕೋಶಗಳಿದ್ದು, ಭಾರವಾದ ಕೆಲಸದಲ್ಲಿ ಎಲ್ಲ ಪ್ರವಾಹವೂ ಒಂದೇ ಸಾಲಿನಿಂದ ಬರಬೇಕು. ಆಗ ಒತ್ತಡವು ಕುಗ್ಗಿ ಯಂತ್ರವು ಏದುಸಿರು ಬಿಡುತ್ತದೆ. ಹತ್ತು ಕೋಶಗಳ ಎರಡು ಸಾಲಿನ ಬ್ಯಾಟರಿಯಲ್ಲಿ ಆ ಹೊರೆಯು ಹಂಚಿಹೋಗುವುದರಿಂದ ಅದೇ ಯಂತ್ರವು ಹೆಚ್ಚು ಬಲದಿಂದ ತಿರುಗುತ್ತದೆ. ಆದಕಾರಣ ಹಗುರ ಕೆಲಸಕ್ಕೆ ಒಂದು ಸಣ್ಣ ಬ್ಯಾಟರಿಯನ್ನೂ, ಬಿರುಸಾದ ಕೆಲಸಕ್ಕೆ 4 ಅಥವಾ 5 ಆಂಪಿಯರ್-ಗಂಟೆಯ ಎರಡು ಸಾಲಿನದನ್ನೂ ಇಟ್ಟುಕೊಳ್ಳುವುದು ಉತ್ತಮ. ಒಂದೇ ಬ್ಯಾಟರಿಯೊಡನೆ ಮಾರುವ ಅಗ್ಗದ ಪೆಟ್ಟಿಗೆಯು ಅಗ್ಗವಲ್ಲ. ಅದು ಬರಿದಾದ ಗಳಿಗೆಯಲ್ಲಿ ಆಳುಗಳು ಕೈಕಟ್ಟಿ ಕುಳಿತಿರಬೇಕಾಗುತ್ತದೆ.

ಇನ್ನು ತಿರುಚುವ ಬಲದ ವಿಚಾರ. ಕಠಿನ ಕೆಲಸಕ್ಕೆ ಯಂತ್ರವನ್ನು ಆರಿಸುವವರು ಎಲ್ಲಕ್ಕಿಂತ ಹೆಚ್ಚಾಗಿ ತಿಳಿದಿರಬೇಕಾದುದು ಇದು. ಇದನ್ನು ನ್ಯೂಟನ್-ಮೀಟರ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ ಸುಮಾರು 100 ಗ್ರಾಂ ತೂಕ ಕಟ್ಟಿದರೆ ಬುಡದಲ್ಲಿ ಉಂಟಾಗುವ ತಿರುಚೇ ಒಂದು ನ್ಯೂಟನ್-ಮೀಟರ್. ಈಗಿನ ಒಳ್ಳೆಯ ಸಣ್ಣ ಬೈರಿಗೆಗಳಲ್ಲಿ ಇದು 50ರಿಂದ 65ರ ವರೆಗೆ ಇರುತ್ತದೆ. ದೊಡ್ಡ ಯಂತ್ರಗಳಲ್ಲಿ 100ನ್ನು ಮೀರುವುದೂ ಉಂಟು. ಪತ್ರಿಕೆಗಳಲ್ಲಿ ಗಟ್ಟಿ ಜೋಡಣೆಯ ಬಲ, ಮೃದು ಜೋಡಣೆಯ ಬಲ ಎಂದು ಎರಡು ಸಂಖ್ಯೆಗಳನ್ನು ಕೊಟ್ಟಿರುತ್ತಾರೆ. ಮೊದಲನೆಯದು ತಿರುಗುತ್ತಿದ್ದ ಯಂತ್ರವು ಥಟ್ಟನೆ ತಡೆದಾಗ ಕ್ಷಣಮಾತ್ರ ಹುಟ್ಟುವ ಬಲ. ಎರಡನೆಯದು ಮರದಲ್ಲಿ ತಿರುಪು ಇಳಿಯುವಾಗ ನಿಧಾನವಾಗಿ ಏರುವ ಬಲ. ಹೊಲದ ಕೆಲಸಕ್ಕೆ ಎರಡನೆಯದನ್ನೇ ಹೋಲಿಸಿ ನೋಡಬೇಕು. ದೊಡ್ಡದಾದ ಮೊದಲನೆಯ ಸಂಖ್ಯೆಯನ್ನು ಮಾತ್ರ ಅಚ್ಚುಹಾಕಿ ಎರಡನೆಯದನ್ನು ಮರೆಮಾಚಿದ ಯಂತ್ರದ ಮೇಲೆ ವಿಶ್ವಾಸವಿಡುವುದು ಕಷ್ಟ.

ಬಲವು ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯುವುದೂ ತಪ್ಪು. ಕೊರೆಯುವ ಮೊನೆಯು ಗಂಟಿನಲ್ಲಿಯೋ ಕಬ್ಬಿಣದ ಅಂಚಿನಲ್ಲಿಯೋ ಕಚ್ಚಿಕೊಂಡಾಗ ಮೊನೆಯು ನಿಂತು ಯಂತ್ರವೇ ತಿರುಗತೊಡಗುತ್ತದೆ. 60 ನ್ಯೂಟನ್-ಮೀಟರ್ ಬಲದ ಯಂತ್ರವನ್ನು ಅಕ್ಷದಿಂದ 12 ಸೆಂಟಿಮೀಟರ್ ದೂರದಲ್ಲಿ ಬರಿಯ ಹಿಡಿಯಿಂದ ಹಿಡಿದಿದ್ದರೆ ಮಣಿಕಟ್ಟಿನ ಮೇಲೆ ಬೀಳುವ ಸೆಳೆತವು ಸುಮಾರು 50 ಕಿಲೋಗ್ರಾಂ ಭಾರಕ್ಕೆ ಸಮ. ಬಲವು ಇದರ ಎರಡರಷ್ಟಾದರೆ ಸೆಳೆತವೂ ಎರಡರಷ್ಟು. ಏಣಿಯ ಮೇಲೆ ನಿಂತ ಆಳಿಗೆ ಇದರಿಂದ ಕೈ ಉಳುಕುವುದಲ್ಲದೆ, ಬಿದ್ದು ಕಾಲು ಮುರಿಯುವ ಅಪಾಯವೂ ಇದೆ. ಪಕ್ಕದ ಹಿಡಿಯನ್ನು ತೊಡಿಸಿ 20 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದೇ 60ರ ಯಂತ್ರದ ಸೆಳೆತವು ಸುಮಾರು 30 ಕಿಲೋಗ್ರಾಮಿಗೆ ಇಳಿಯುತ್ತದೆ. ಆದಕಾರಣ ಪಕ್ಕದ ಹಿಡಿಯನ್ನು ಕೊಡದ ಯಂತ್ರವನ್ನು ಗಟ್ಟಿ ಕೆಲಸಕ್ಕೆ ಕೊಳ್ಳತಕ್ಕದ್ದಲ್ಲ. ಕೊಟ್ಟಿದ್ದರೆ ಅದನ್ನು ಪೆಟ್ಟಿಗೆಯಲ್ಲಿಯೇ ಬಿಡತಕ್ಕದ್ದೂ ಅಲ್ಲ. ಯಂತ್ರವು ಹಠಾತ್ತಾಗಿ ಸುತ್ತಿದೊಡನೆ ಮೋಟಾರನ್ನು ತಾನಾಗಿ ನಿಲ್ಲಿಸುವ ಏರ್ಪಾಡು ಈಚಿನ ಕೆಲವು ಯಂತ್ರಗಳಲ್ಲಿದೆ. ಅದಕ್ಕಾಗಿ ಸ್ವಲ್ಪ ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ.

ಜಾಲಿ, ಮತ್ತಿ ಮೊದಲಾದ ಗಟ್ಟಿ ಮರಗಳಲ್ಲಿ 12 ಮಿಲಿಮೀಟರಿನ ತೂತು ಕೊರೆಯಲು ಸುರುಳಿಯಾಕಾರದ, ತುದಿಯಲ್ಲಿ ತಿರುಪಿನ ಮೊನೆಯುಳ್ಳ ಬೈರಿಗೆಯ ಅಲಗು ಶ್ರೇಷ್ಠ. ಅದು ತಾನಾಗಿ ಮರದೊಳಕ್ಕೆ ಎಳೆದುಕೊಳ್ಳುವುದರಿಂದ ಒತ್ತುವ ಶ್ರಮವಿಲ್ಲ. ಆದರೆ ಯಂತ್ರವನ್ನು ನಿಧಾನದ ಗೇರಿಗೆ ಹಾಕಿಯೇ ನಡೆಸಬೇಕು. ಎರಡು ಗೇರುಗಳಿರುವ ಯಂತ್ರವು ಬೇಕೆನ್ನುವುದು ಇದಕ್ಕಾಗಿಯೇ. ಸಾಮಾನ್ಯವಾಗಿ ಮೊದಲ ಗೇರಿನಲ್ಲಿ ನಿಮಿಷಕ್ಕೆ 500 ಸುತ್ತುಗಳ ಆಸುಪಾಸು, ಎರಡನೆಯದರಲ್ಲಿ 1,500ಕ್ಕೂ ಮೇಲೆ ತಿರುಗುತ್ತದೆ. ಪ್ರತಿ ಎರಡು ಅಂಗುಲಕ್ಕೊಮ್ಮೆ ಅಲಗನ್ನು ಹೊರಕ್ಕೆ ತೆಗೆದು ಹೊಟ್ಟನ್ನು ಉದುರಿಸದಿದ್ದರೆ ಅದು ಒಳಗೇ ಬಿಗಿದುಕೊಂಡು, ಮರವು ಹೊಗೆಯಾಡಿ, ಯಂತ್ರವು ಕಾಯುತ್ತದೆ.

ಕಬ್ಬಿಣದ ಕೆಲಸದಲ್ಲಿ ರೈತರು ಮಾಡುವ ದೊಡ್ಡ ತಪ್ಪು ವೇಗ. ಮೆದು ಉಕ್ಕಿನ ಪಟ್ಟಿಯಲ್ಲಿ 10 ಮಿಲಿಮೀಟರ್ ತೂತಿಗೆ ನಿಮಿಷಕ್ಕೆ ಸುಮಾರು 700 ಸುತ್ತುಗಳೇ ಸಾಕು. ಅದಕ್ಕೆ ಮೀರಿದರೆ ಅಲಗಿನ ಬಾಯಿ ನೀಲಿಗಟ್ಟಿ ಸತ್ತುಹೋಗುತ್ತದೆ. ಆ ಮೇಲೆ ಎಷ್ಟು ಒತ್ತಿದರೂ ಶಬ್ದವಲ್ಲದೆ ಪುಡಿ ಬರುವುದಿಲ್ಲ, ಮತ್ತು ದೋಷವು ಯಂತ್ರದ ತಲೆಗೆ ಬರುತ್ತದೆ. ಉಳಿಯಂಥ ಮೊನೆಯಿಂದ ಗುರುತು ಕುಟ್ಟಿ, 4 ಮಿಲಿಮೀಟರಿನ ಸಣ್ಣ ತೂತನ್ನು ಮೊದಲು ಕೊರೆದು, ಒಂದೆರಡು ತೊಟ್ಟು ಎಣ್ಣೆ ಬಿಟ್ಟು, ಆಮೇಲೆ ದೊಡ್ಡ ಅಲಗನ್ನು ಹಾಕಿದರೆ ಸಣ್ಣ ಯಂತ್ರವೇ ಸರಾಗವಾಗಿ ಕೊರೆಯುತ್ತದೆ. ಆಚೆಯ ಬದಿಗೆ ಹೊರಡುವ ಕೊನೆಯ ಗಳಿಗೆಯಲ್ಲಿ ಒತ್ತಡವನ್ನು ಸಡಿಲಿಸಬೇಕು. ಅಲಗು ಕಚ್ಚಿಕೊಳ್ಳುವುದು ಬಹುಮಟ್ಟಿಗೆ ಅಲ್ಲಿಯೇ. ಪಟ್ಟಿಯನ್ನು ಕಾಲಿನಿಂದ ಮೆಟ್ಟಿ ಹಿಡಿಯುವ ಅಭ್ಯಾಸವನ್ನು ಬಿಡಿಸಿ, ಇಕ್ಕಳದಲ್ಲಿ ಬಿಗಿಯುವಂತೆ ಮಾಡಬೇಕು. ಪಂಚೆಯ ಸೆರಗು, ಹೆಗಲಿನ ಟವೆಲು, ಕೈಗವಸು ಇವಾವುವೂ ತಿರುಗುವ ಅಲಗಿನ ಬಳಿ ಇರಕೂಡದು. ಕಣ್ಣಿಗೆ ಕನ್ನಡಕ ಅವಶ್ಯ.

ಕಲ್ಲಿನ ಮಾತು ಬೇರೆ. ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳಲ್ಲಿ ಬೇಲಿಗೂ ದ್ರಾಕ್ಷಿ ಚಪ್ಪರಕ್ಕೂ ಕಗ್ಗಲ್ಲಿನ ಕಂಬಗಳನ್ನು ನೆಡುವ ವಾಡಿಕೆಯಿದೆ. ಅದಕ್ಕೆ ತಂತಿ ಕಟ್ಟುವ ತೂತು ಬೇಕೆಂದು ಸುತ್ತಿಗೆಯ ಗುರುತಿರುವ ಸಣ್ಣ ಬೈರಿಗೆಯನ್ನು ಕೊಳ್ಳುವವರು ನಿರಾಶರಾಗುವರು. ಅಂಥ ಯಂತ್ರದಲ್ಲಿ ಹಲ್ಲುಗಳುಳ್ಳ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ ಅದುರುತ್ತವೆಯೇ ಹೊರತು ನಿಜವಾದ ಪೆಟ್ಟು ಬೀಳುವುದಿಲ್ಲ. ಇಟ್ಟಿಗೆಯ ಗೋಡೆಗೆ ಅದು ಸಾಕು, ಕಗ್ಗಲ್ಲಿಗೆ ಸಾಲದು. ಕಗ್ಗಲ್ಲಿಗೂ ಗಟ್ಟಿ ಕಾಂಕ್ರೀಟಿಗೂ ಒಳಗೆ ಗಾಳಿಯ ಒತ್ತಡದಿಂದ ಕೊಂತವು ಹಿಂದುಮುಂದಾಗಿ ಬಡಿಯುವ ಬೇರೆ ಯಂತ್ರವೇ ಬೇಕು. ಅದಕ್ಕೆ ಎಸ್‌ಡಿಎಸ್ ಎಂಬ ಗಾಡಿಬುಡದ ಅಲಗುಗಳು ಹೊಂದುತ್ತವೆ. ವರ್ಷಕ್ಕೆ ನಾಲ್ಕು ದಿವಸ ಮಾತ್ರ ಆ ಕೆಲಸವಿರುವ ರೈತನು ಅದನ್ನು ಬಾಡಿಗೆಗೆ ತರುವುದೇ ಲೇಸು. ಹಾಗೆಯೇ ಕೊಟ್ಟಿಗೆಯ ತಗಡಿಗೆ ನೂರಾರು ತಿರುಪುಗಳನ್ನು ಹಾಕುವ ಕೆಲಸವಿದ್ದರೆ ಇಂಪ್ಯಾಕ್ಟ್ ಡ್ರೈವರ್ ಎಂಬ ಯಂತ್ರವು ಮೇಲು. ಅದು ಪಕ್ಕದಿಂದ ಪೆಟ್ಟು ಕೊಟ್ಟು ತಿರುಗಿಸುವುದರಿಂದ ಮಣಿಕಟ್ಟಿಗೆ ಸೆಳೆತವಿಲ್ಲ. ಆದರೆ ನಯವಾದ ತೂತಿಗೆ ಅದು ತಕ್ಕದ್ದಲ್ಲ.

ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಇಲ್ಲದ್ದನ್ನೇ ಕೇಳಿ ಪಡೆಯಬೇಕು. ಬ್ರಷ್ಷಿನ ಉಜ್ಜಾಟವಿಲ್ಲದಿರುವುದರಿಂದ ಶಕ್ತಿ ಕಡಿಮೆ ವ್ಯಯವಾಗಿ, ಕಾವು ತಗ್ಗಿ, ಬ್ಯಾಟರಿಯು ಹೆಚ್ಚು ಹೊತ್ತು ಬರುತ್ತದೆ. ಸವೆದು ಬದಲಾಯಿಸುವ ಬ್ರಷ್ಷಿನ ಖರ್ಚೂ ಇಲ್ಲ. ಅಲಗನ್ನು ಹಿಡಿಯುವ ಚಕ್ ಲೋಹದ್ದಾಗಿ 13 ಮಿಲಿಮೀಟರಿನ ವರೆಗೆ ತೆರೆಯತಕ್ಕದ್ದಾಗಿರಲಿ. ಬ್ಯಾಟರಿ ಸಹಿತ ತೂಕವು ಸುಮಾರು ಒಂದೂವರೆ ಕಿಲೋಗ್ರಾಮಿನ ಆಸುಪಾಸಿನಲ್ಲಿದ್ದರೆ ದಿವಸವಿಡೀ ಹಿಡಿಯಲು ಸಾಧ್ಯ. ಬಣ್ಣ, ದೀಪ, ಪೆಟ್ಟಿಗೆಯಲ್ಲಿ ತುಂಬಿರುವ ನೂರು ಬಗೆಯ ಅಲಗುಗಳು ಇವುಗಳಿಗೆ ಮರುಳಾಗಬೇಕಾದುದಿಲ್ಲ. ಆ ನೂರರ ಬೆಲೆಯಲ್ಲಿ ಒಳ್ಳೆಯ ಹತ್ತು ಅಲಗುಗಳನ್ನು ಕೊಳ್ಳುವುದು ಜಾಣತನ.

ಬ್ಯಾಟರಿಗೆ ದೊಡ್ಡ ಶತ್ರು ಕಾವು. ಚೈತ್ರ ವೈಶಾಖದ ಬಿಸಿಲಿನಲ್ಲಿ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಇಟ್ಟುಬಿಟ್ಟರೆ ಅದರ ಆಯುಸ್ಸು ಕುಂದುತ್ತದೆ. ಬಿರುಸಿನ ಕೆಲಸ ಮುಗಿದೊಡನೆ ಚಾರ್ಜಿಗೆ ಹಾಕದೆ, ನೆರಳಿನಲ್ಲಿ ತಣಿಯಲು ಬಿಟ್ಟು ಆಮೇಲೆ ಹಾಕಬೇಕು. ತಿಂಗಳುಗಟ್ಟಲೆ ಬಳಸದಿರುವಾಗ ಪೂರ್ತಿ ತುಂಬಿಯೂ ಪೂರ್ತಿ ಬರಿದುಮಾಡಿಯೂ ಇಡದೆ, ಅರ್ಧದಷ್ಟು ತುಂಬಿ, ತಂಪಾದ ಒಣ ಸ್ಥಳದಲ್ಲಿ ಇಡತಕ್ಕದ್ದು. ಹೆಸರುವಾಸಿಯಾದ ಬ್ಯಾಟರಿಯ ರೂಪವನ್ನೇ ಹೋಲುವ ಅಗ್ಗದ ನಕಲುಗಳಲ್ಲಿ ಮಿತಿಮೀರಿದ ಚಾರ್ಜನ್ನು ತಡೆಯುವ ಒಳಗಿನ ಏರ್ಪಾಡು ಇಲ್ಲದಿರಬಹುದು. ಹುಲ್ಲಿನ ಬಣವೆಯ ಪಕ್ಕದ ಕೊಟ್ಟಿಗೆಯಲ್ಲಿ ರಾತ್ರಿಯೆಲ್ಲ ಅಂಥದನ್ನು ಚಾರ್ಜಿಗೆ ಹಾಕುವುದು ಬೆಂಕಿಯನ್ನು ಮನೆಗೆ ಕರೆದಂತೆ. ಸತ್ತುಹೋದ ಬ್ಯಾಟರಿಯನ್ನು ತಿಪ್ಪೆಗೂ ಒಲೆಗೂ ಎಸೆಯಲಾಗದು. ಕೇಂದ್ರ ಸರ್ಕಾರದವರು 2022ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಮೇರೆಗೆ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯು ತಯಾರಕರ ಮೇಲಿದೆ. ಕೊಳ್ಳುವಾಗಲೇ ಅಂಗಡಿಯವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವನೇ ಎಂದು ವಿಚಾರಿಸಬೇಕು.

ಸಣ್ಣ ಹಿಡುವಳಿದಾರರು ಪ್ರತ್ಯೇಕವಾಗಿ ಕೊಳ್ಳಲಾರದ ಗ್ರಾಮಗಳಲ್ಲಿ ಮುಖಂಡರು ಮುಂದಾಗಿ ನಾಲ್ಕಾರು ಮನೆಗಳಿಗೆ ಒಂದರಂತೆ ಸೇರಿ ಕೊಳ್ಳುವ ಏರ್ಪಾಡು ಮಾಡಬಹುದು. ಹಾಗೆ ಮಾಡುವಾಗ ಎಲ್ಲರೂ ಒಂದೇ ಕಂಪೆನಿಯ ಒಂದೇ ಜಾತಿಯ ಬ್ಯಾಟರಿಯನ್ನು ಆರಿಸಿದರೆ ಒಬ್ಬರದು ಬರಿದಾದಾಗ ಇನ್ನೊಬ್ಬರದು ಒದಗುತ್ತದೆ. ಯಂತ್ರವು ಒಬ್ಬನ ವಶದಲ್ಲಿದ್ದು, ತೆಗೆದುಕೊಂಡವರ ಹೆಸರೂ ಹಿಂತಿರುಗಿಸಿದ ತಾರೀಖೂ ಪುಸ್ತಕದಲ್ಲಿ ಬರೆಯಲ್ಪಡಬೇಕು. ಕೊಳ್ಳಲು ಪೇಟೆಗೆ ಹೋಗುವವರು ಒಂದು ಒಣಗಿದ ಜಾಲಿಯ ತುಂಡನ್ನೂ 6 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನೂ ಜೊತೆಯಲ್ಲಿ ಒಯ್ದು, ಅಂಗಡಿಯಲ್ಲಿಯೇ ಎರಡರಲ್ಲಿಯೂ ತೂತು ಕೊರೆಸಿ ನೋಡಬೇಕು. ರಿಪೇರಿ ಮಾಡುವ ಸ್ಥಳವು ಯಾವ ಊರಿನಲ್ಲಿದೆಯೆಂದೂ, ಮುಂಗಾರಿನ ತಿಂಗಳುಗಳಲ್ಲಿ ರಿಪೇರಿಗೆ ಎಷ್ಟು ದಿವಸ ಹಿಡಿಯುವುದೆಂದೂ ಕೇಳಿ, ರಸೀದಿಯ ಮೇಲೆ ಗ್ಯಾರಂಟಿಯ ಅವಧಿಯನ್ನು ಬರೆಯಿಸಿಕೊಳ್ಳಬೇಕು. ಬ್ಯಾಟರಿಗೆ ಬೇರೆ ಅವಧಿ ಇದ್ದರೆ ಅದನ್ನು ಪ್ರತ್ಯೇಕವಾಗಿ ಬರೆಯಿಸಬೇಕು.