ಭ್ರೂಣ ಇರಿಸಿದ ಮೇಲೆ ಮಾತ್ರೆ ತಪ್ಪಿಸಬೇಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ದಾವಣಗೆರೆಗೋ ಹುಬ್ಬಳ್ಳಿಗೋ ಹೋಗಿ ಭ್ರೂಣ ಇರಿಸಿಕೊಂಡು ಬಂದಿದ್ದೀರಾ? ಬಸ್ಸಿನ ಕುಲುಕಾಟಕ್ಕೆ ಅದು ಜಾರಿ ಬೀಳುವುದಿಲ್ಲ; ಹಾಸಿಗೆ ಹಿಡಿಯಬೇಕಾಗಿಯೂ ಇಲ್ಲ. ಹೆದರಬೇಕಾದದ್ದು ಔಷಧಿ ತಪ್ಪುವುದಕ್ಕೆ.

ಸಹಜವಾಗಿ ಅಂಡ ಹೊರಬಿದ್ದ ಜಾಗದಲ್ಲಿ ಮೂಡುವ ಹಳದಿ ಕಾಯವು ಪ್ರೊಜೆಸ್ಟರಾನ್ ಸ್ರವಿಸಿ ಗರ್ಭಕೋಶದ ಒಳಪೊರೆಯನ್ನು ಕಾಯುತ್ತದೆ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಅದರ ಕೆಲಸ ಕುಂದುತ್ತದೆ. ಹಾರ್ಮೋನ್ ಕೊಟ್ಟೇ ಗರ್ಭಕೋಶ ಸಿದ್ಧಪಡಿಸಿ, ಶೈತ್ಯದಲ್ಲಿಟ್ಟ ಭ್ರೂಣ ಇರಿಸಿದ್ದರಂತೂ ಆ ಕಾಯವೇ ಇರುವುದಿಲ್ಲ. ಯೋನಿಯಲ್ಲಿಡುವ ಮಾತ್ರೆ, ಇಂಜೆಕ್ಷನ್ನುಗಳೇ ಆಗ ಆಸರೆ.

ತುಸು ರಕ್ತ ಕಂಡೊಡನೆ ‘ಮುಟ್ಟಾಯಿತು, ಸಾಕು’ ಎಂದು ಮನೆಯವರು ಹೇಳಿದರೂ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಎದೆ ಬಿಗಿತವನ್ನೂ ನಂಬಬೇಡಿ. ಅದು ಔಷಧಿಯ ಪರಿಣಾಮವೂ ಇದ್ದೀತು. ಸುಮಾರು ಎರಡು ವಾರಕ್ಕೆ ಮಾಡುವ ರಕ್ತಪರೀಕ್ಷೆಯೇ ಉತ್ತರ ಹೇಳಬೇಕು. ಗರ್ಭ ನಿಂತರೆ, ಮಾಸು ಹೊಣೆ ಹೊರುವ 8–10ನೇ ವಾರದವರೆಗಾದರೂ ವೈದ್ಯರು ಮುಂದುವರಿಸಲು ಹೇಳುವುದುಂಟು. ಊರಿನ ಅಂಗಡಿಯಲ್ಲಿ ಸಿಗದಿದ್ದೀತು, ಮೊದಲೇ ತಂದಿಟ್ಟುಕೊಳ್ಳಿ.